ಚಳಿಗೆ ಮುಂಚೆ ಹೊರಡಿ: ಇಬ್ಬರೇ ದೋಣಿಯಲ್ಲಿ ನಾರ್ಫೊಕ್‌ನಿಂದ ಮಯಾಮಿಗೆ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ವರ್ಜೀನಿಯಾದ ನಾರ್ಫೊಕ್ ಊರಿನ ಮುಂದೆ, ಎಲಿಜಬೆತ್ ನದಿಯಲ್ಲಿ, 36 ಎಂದು ನಂಬರ್ ಬರೆದ ಕೆಂಪು ಬೋಯಾ, ಅಂದರೆ ದಾರಿ ತೋರುವ ತೇಲುಗುರುತು, ಒಂದು ತೇಲುತ್ತಿರುತ್ತದೆ. ಇಂಟ್ರಾಕೋಸ್ಟಲ್ ವಾಟರ್‌ವೇ ಅನ್ನುವ ಒಳದಾರಿಯ ಸೊನ್ನೆ ಮೈಲಿ ಅದೇ. ಅಲ್ಲಿಂದ ಫ್ಲೋರಿಡಾದ ಮಯಾಮಿಗೆ ಸುಮಾರು 1,090 ಮೈಲಿ. ನದಿ, ಹಿನ್ನೀರು, ಕೊಲ್ಲಿ, ಮನುಷ್ಯರು ಅಗೆದ ಕಾಲುವೆ, ಎಲ್ಲವನ್ನೂ ಒಂದಕ್ಕೊಂದು ಹೊಲಿದಂತಿರುವ ದಾರಿ. ನಮ್ಮ ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಕಡಲು, ನಡುವೆ ತೆಳ್ಳಗಿನ ನೆಲ ಇದೆಯಲ್ಲ, ಅಂಥ ನೀರು ಸಾವಿರ ಮೈಲಿ ಉದ್ದ ಇದೆ ಅಂದುಕೊಳ್ಳಿ. ಕಡಲು ಎಡಕ್ಕೆ, ಮರಳಿನ ದ್ವೀಪಗಳ ಆಚೆ. ನೀವು ಒಳಗೆ, ನದಿಯ ಕಡೆ.

ನಾನು ಗಂಗೊಳ್ಳಿ ಕಡೆಯವಳು. ನಮ್ಮನೆಯವರು ಹಾಸನದವರು, ಕಡಲನ್ನು ಮೊದಲು ನೋಡಿದ್ದೇ ಕಾಲೇಜಿಗೆ ಬಂದ ಮೇಲೆ. ಮೇರಿಲ್ಯಾಂಡಿನಲ್ಲಿ ಬಹಳ ವರ್ಷ ಕೆಲಸ ಮಾಡಿ, ಮಕ್ಕಳು ಓದಲು ಹೋದ ಮೇಲೆ, 36 ಅಡಿಯ ಹಳೆಯ ಹಾಯಿದೋಣಿ ಕೊಂಡೆವು. ಹೆಸರು ಚುಕ್ಕಿ. ಈ ದಾರಿಯನ್ನು ಎರಡು ಚಳಿಗಾಲ ಮಾಡಿದ್ದೇವೆ. ಅಮೆರಿಕದಲ್ಲಿರುವ ನಮ್ಮವರಲ್ಲಿ ಕೆಲವರು "ನಾವೂ ಹೋಗಬಹುದಾ?" ಎಂದು ಕೇಳುತ್ತಾರೆ. ಹೋಗಬಹುದು. ಆದರೆ ಒಂದು ಷರತ್ತು: ದೋಣಿಯ ಪ್ರತಿ ಕೆಲಸವೂ ಇಬ್ಬರಿಗೂ ಬರಬೇಕು. ಗಂಡ ನಡೆಸುವುದು, ಹೆಂಡತಿ ಅಡುಗೆ ಮಾಡುವುದು ಅಂತ ಹಂಚಿಕೊಂಡು ಹೊರಟರೆ ಮೊದಲ ವಾರದಲ್ಲೇ ಇಬ್ಬರಿಗೂ ಸಾಕಾಗುತ್ತದೆ. ಜೊತೆಗೆ ಅದು ಅಪಾಯ ಕೂಡ. ಒಬ್ಬರು ಕಾಲು ಉಳುಕಿಸಿಕೊಂಡರೆ ದೋಣಿಯನ್ನು ದಡಕ್ಕೆ ತರುವವರು ಯಾರು?

ಯಾವಾಗ ಹೊರಡಬೇಕು

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಹಾಗಂತ ಡಿಸೆಂಬರ್ ತನಕ ಕಾದರೆ ಚೆಸಪೀಕ್ ಕೊಲ್ಲಿಯಲ್ಲಿ ಬೆಳಗ್ಗೆ ಹಗ್ಗದ ಮೇಲೆ ಮಂಜು ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೇ ಹೆಚ್ಚಿನವರು ಅಕ್ಟೋಬರ್ ಮಧ್ಯದಲ್ಲಿ ಹೊರಟು, ಗಾಳಿಯ ಸುದ್ದಿ ನೋಡುತ್ತಾ ನಿಧಾನಕ್ಕೆ ಇಳಿಯುತ್ತಾರೆ. ಮೊದಲು ನಿಮ್ಮ ವಿಮಾ ಪಾಲಿಸಿ ತೆಗೆದು ಓದಿ. ಯಾವ ತಾರೀಖಿನ ಮೊದಲು ಯಾವ ಗಡಿ ದಾಟುವಂತಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ನಮ್ಮ ಪಾಲಿಸಿಯಲ್ಲಿ ನವೆಂಬರ್ 1ಕ್ಕೆ ಮುಂಚೆ ಫ್ಲೋರಿಡಾ ಪ್ರವೇಶಿಸುವಂತಿರಲಿಲ್ಲ.

ದಿನಕ್ಕೆ 50 ಮೈಲಿ ಲೆಕ್ಕ ಹಾಕಿ. ಹಾಯಿದೋಣಿ ಎಂಜಿನ್ ಮೇಲೆ ಗಂಟೆಗೆ ಆರೇಳು ಮೈಲಿ ಹೋಗುತ್ತದೆ, ಎಂಟು ಗಂಟೆ ಬೇಕು. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಇಟ್ಟ ಮೇಲೆ ಸಂಜೆ ಐದು ಕಾಲಿಗೆಲ್ಲ ಕತ್ತಲು. ಹಾಗಾಗಿ ಬೆಳಗ್ಗೆ ಬೆಳಕು ಹರಿಯುವಾಗಲೇ ಲಂಗರು ಎತ್ತಬೇಕು. ಬರೀ ಭಾಗಾಕಾರ ಮಾಡಿದರೆ 22 ದಿನ ಬರುತ್ತದೆ. ನಮಗೆ ಹಿಡಿದದ್ದು ಏಳು ವಾರ. ಗಾಳಿಗೆ ನಿಂತ ದಿನ, ಮಂಜಿಗೆ ನಿಂತ ದಿನ, ರಿಪೇರಿಗೆ ನಿಂತ ದಿನ, ಊರು ಚೆನ್ನಾಗಿದೆ ಅಂತ ಸುಮ್ನೆ ನಿಂತ ದಿನ, ಎಲ್ಲ ಸೇರಿ. ನೆಂಟರಿಗೆ "ಇಂಥ ದಿನ ಇಂಥ ಊರಲ್ಲಿ ಸಿಗುತ್ತೇವೆ" ಅಂತ ಮಾತು ಕೊಡಬೇಡಿ. ಊರು ಹೇಳಿ, ಇಲ್ಲ ದಿನ ಹೇಳಿ. ಎರಡನ್ನೂ ಹೇಳಿದರೆ ಕೆಟ್ಟ ಗಾಳಿಯಲ್ಲಿ ಹೊರಡುವ ಆಸೆ ಬಂದುಬಿಡುತ್ತದೆ.

ದೋಣಿಯಲ್ಲಿ ನೋಡಬೇಕಾದದ್ದು

ಎರಡು ಅಳತೆ ಗಟ್ಟಿಯಾಗಿ ಗೊತ್ತಿರಲಿ. ಒಂದು, ನೀರಿನ ಮೇಲೆ ನಿಮ್ಮ ಹಾಯಿ ಕಟ್ಟುವ ಕೂವೆಮರದ ಎತ್ತರ. ತುದಿಯ ಆಂಟೆನಾ ಸೇರಿಸಿಯೇ ಅಳೆಯಿರಿ. ಈ ದಾರಿಯಲ್ಲಿ ದೋಣಿ ಬಂದಾಗ ತೆರೆದುಕೊಳ್ಳದ ಸೇತುವೆಗಳು ಸಾಮಾನ್ಯವಾಗಿ 65 ಅಡಿ ಎತ್ತರ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56 ಅಡಿ. ಅದಕ್ಕಿಂತ ಎತ್ತರದ ದೋಣಿ ಇದ್ದರೆ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಕಡಲಿಗಿಳಿದು ಹೊರಗಿಂದ ಬರಬೇಕು. ಎರಡನೆಯದು, ನೀರಿನ ಕೆಳಗೆ ದೋಣಿ ಎಷ್ಟು ಇಳಿದಿದೆ ಅನ್ನುವುದು. ಚುಕ್ಕಿ ನಾಲ್ಕೂವರೆ ಅಡಿ. ಕಾಗದದ ಪ್ರಕಾರ ಕಾಲುವೆ 12 ಅಡಿ ಆಳ, ಫೋರ್ಟ್ ಪಿಯರ್ಸ್ ದಾಟಿದ ಮೇಲೆ 10 ಅಡಿ. ಅಳಿವೆಗಳ ಹತ್ತಿರ ಹೂಳು ತುಂಬಿ ಐದಾರು ಅಡಿಯೂ ಸಿಗುತ್ತದೆ. ಆರಡಿ ಇಳಿಯುವ ದೋಣಿಯವರೂ ಹೋಗುತ್ತಾರೆ, ಆದರೆ ಅವರು ನಮಗಿಂತ ಜಾಸ್ತಿ ಉಬ್ಬರ ಕಾಯುತ್ತಾರೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಡೀಸೆಲ್ ಫಿಲ್ಟರ್ ನಾಲ್ಕು, ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ (ಇಂಪೆಲ್ಲರ್) ಎರಡು, ಬೆಲ್ಟ್ ಎರಡು, ಇವು ದೋಣಿಯಲ್ಲೇ ಇರಲಿ. ಹಳೆಯ ಟ್ಯಾಂಕಿನ ತಳದ ಕೊಳೆ ಅಲೆಯಲ್ಲಿ ಕಲಕಿ ಫಿಲ್ಟರ್ ಕಟ್ಟುತ್ತದೆ, ಅದೂ ಅಗಲ ನೀರಿನ ನಡುವೆಯೇ. ಫಿಲ್ಟರ್ ಬದಲಿಸಿ ಡೀಸೆಲ್ ಕೊಳವೆಯೊಳಗಿನ ಗಾಳಿ ತೆಗೆಯುವುದನ್ನು ಇಬ್ಬರೂ ಮನೆಯ ದಕ್ಕೆಯಲ್ಲೇ ಎರಡೆರಡು ಸಲ ಮಾಡಿ ನೋಡಿ. ಕೆಟ್ಟು ನಿಂತ ದೋಣಿಯನ್ನು ಎಳೆದೊಯ್ಯುವ ಸೇವೆಗೆ ವರ್ಷದ ಚಂದಾ ಕಟ್ಟಿ. ಟೋಬೋಟ್‌ಯುಎಸ್, ಸೀ ಟೋ ಎರಡೂ ಈ ದಾರಿಯುದ್ದಕ್ಕೂ ಸಿಗುತ್ತವೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಅಂತಲೇ ತಿಳಿಯಿರಿ, ಏಕೆಂದರೆ ಚಳಿಗೆ ಕಿಟಕಿ ಮುಚ್ಚಿ ಹೀಟರ್ ಹಾಕಿ ಮಲಗುತ್ತೀರಿ. ವರ್ಜೀನಿಯಾದಲ್ಲಿ ಹತ್ತು ಎಚ್‌ಪಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ ದೋಣಿ ನಡೆಸುವವರಿಗೆ ಸುರಕ್ಷತಾ ಪಾಠದ ಪ್ರಮಾಣಪತ್ರ ಬೇಕು. ಇಬ್ಬರೂ ಮಾಡಿಕೊಳ್ಳಿ.

ಬಣ್ಣ ಓದುವುದನ್ನು ಕಲಿಯಿರಿ

ದಕ್ಷಿಣಕ್ಕೆ ಹೋಗುವಾಗ ಕೆಂಪು ಗುರುತು ಬಲಕ್ಕೆ, ಹಸಿರು ಎಡಕ್ಕೆ. ಕೇಳಲು ಇಷ್ಟೇ. ಆದರೆ ದಾರಿಯಲ್ಲಿ ನೀವು ಎಷ್ಟೋ ನದಿಗಳ ಒಳಗೆ ಹೊಕ್ಕು ಹೊರಬರುತ್ತೀರಿ. ನದಿಗೆ ಅದರದೇ ಗುರುತುಗಳಿರುತ್ತವೆ, ಕಡಲಿಂದ ಒಳಬರುವವರ ಲೆಕ್ಕದಲ್ಲಿ. ಅಲ್ಲಿ ಕೆಂಪು ಇದ್ದಕ್ಕಿದ್ದಂತೆ ಎಡಕ್ಕೆ ಬಂದುಬಿಡಬಹುದು. ನಾವು ಮೊದಲ ಸಲ ಕೇಪ್ ಫಿಯರ್ ನದಿಗೆ ಬಂದಾಗ ಇಬ್ಬರೂ ಗಾಬರಿಯಾಗಿ ದೋಣಿ ನಿಧಾನ ಮಾಡಿ ನಿಂತಿದ್ದೆವು.

ಇದಕ್ಕೆ ಪರಿಹಾರ ಗುರುತಿನ ಮೇಲೆಯೇ ಇದೆ. ಹಲಗೆಯ ಮೇಲೆ ಸಣ್ಣದೊಂದು ಹಳದಿ ತ್ರಿಕೋನ ಅಥವಾ ಹಳದಿ ಚೌಕ ಅಂಟಿಸಿರುತ್ತಾರೆ. ಹಲಗೆ ಯಾವ ಬಣ್ಣದ್ದೇ ಆಗಿರಲಿ, ಹಳದಿ ತ್ರಿಕೋನ ಇದ್ದರೆ ಬಲಕ್ಕೆ ಬಿಡಿ. ಹಳದಿ ಚೌಕ ಇದ್ದರೆ ಎಡಕ್ಕೆ ಬಿಡಿ. ಒಳದಾರಿ ಹಿಡಿದವರಿಗೆ ಹಳದಿಯ ಮಾತೇ ಕೊನೆ. ಬೈನಾಕ್ಯುಲರ್ ಎರಡು ಇಟ್ಟುಕೊಳ್ಳಿ, ಹಳದಿ ದೂರಕ್ಕೆ ಕಾಣುವುದಿಲ್ಲ. ನಮ್ಮಲ್ಲಿ ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು "ಮುಂದಿನದು ಹಸಿರು 47, ಹಳದಿ ಚೌಕ" ಅಂತ ಜೋರಾಗಿ ಹೇಳುತ್ತೇವೆ. ಗಂಟೆಗೊಮ್ಮೆ ಜಾಗ ಬದಲು. ಎಂಟು ಗಂಟೆ ಒಬ್ಬರೇ ನಿಂತರೆ ಮಧ್ಯಾಹ್ನದ ಮೇಲೆ ಕಣ್ಣು ನೋಡುತ್ತದೆ, ತಲೆಗೆ ಹೋಗುವುದಿಲ್ಲ.

ನಕ್ಷೆಯಲ್ಲಿ ನೇರಳೆ ಗೆರೆ ಒಂದು ದಾರಿಯುದ್ದಕ್ಕೂ ಕಾಣುತ್ತದೆ. ಅದರ ಮೇಲೇ ದೋಣಿ ಓಡಿಸಬೇಕು ಅಂತಲ್ಲ, ಈ ಕಡೆ ಹೋಗಿ ಅಂತ ಅಷ್ಟೇ. ಹೂಳು ಪ್ರತಿ ವರ್ಷ ಜಾಗ ಬದಲಿಸುತ್ತದೆ. ಕಾಲುವೆಯ ಹೂಳೆತ್ತುವ ಕೆಲಸ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಇಲಾಖೆಯದ್ದು. ಅವರು ಆಳ ಅಳೆದ ಹೊಸ ಸರ್ವೆಗಳನ್ನು ಫೋನ್ ಆ್ಯಪ್‌ಗಳಲ್ಲಿ ನಕ್ಷೆಯ ಮೇಲೆ ಹಾಕಿ ನೋಡಬಹುದು. ರಾತ್ರಿ ಊಟ ಆದ ಮೇಲೆ ಮರುದಿನದ 50 ಮೈಲಿಯನ್ನು ಇಬ್ಬರೂ ಕೂತು ನೋಡಿ, ಆಳ ಕಡಿಮೆ ಇರುವ ಜಾಗ ಎಷ್ಟು ಗಂಟೆಗೆ ಬರುತ್ತದೆ ಅಂತ ಕಾಗದದ ಮೇಲೆ ಬರೆದಿಡಿ.

ಸೇತುವೆ ಮತ್ತು ಲಾಕ್

ಸೊನ್ನೆ ಮೈಲಿಯ ನಂತರ ದಾರಿ ಎರಡಾಗುತ್ತದೆ. ಒಂದು ವರ್ಜೀನಿಯಾ ಕಟ್. 1859ರಲ್ಲಿ ಶುರುವಾದ ಕಾಲುವೆ, ದೊಡ್ಡ ದೋಣಿ, ಸರಕು ಸಾಗಿಸುವ ಬಾರ್ಜ್ ಎಲ್ಲ ಹೋಗುವ ದಾರಿ. ಇನ್ನೊಂದು ಡಿಸ್ಮಲ್ ಸ್ವಾಂಪ್ ಕಾಲುವೆ. 1805ರಲ್ಲಿ ತೆರೆದದ್ದು. ಗುಲಾಮರಾಗಿದ್ದ ಕಪ್ಪು ಜನ ಸೊಂಟದ ತನಕ ಕೆಸರಲ್ಲಿ ನಿಂತು, ಕೈಯಲ್ಲಿ ಅಗೆದ 22 ಮೈಲಿ ಅದು. ಮರದ ಬೇರು, ಎಲೆಗಳ ಒಗರು ಇಳಿದು ನೀರು ಹಾಲು ಹಾಕದ ಚಹಾದ ಬಣ್ಣ. ಗಾಳಿ ಇರುವುದಿಲ್ಲ. ನೀರಲ್ಲಿ ಮರಗಳು ತಲೆಕೆಳಗಾಗಿ ಅಲುಗದೆ ನಿಂತಿರುತ್ತವೆ. ಆ ದಿನ ನಾವಿಬ್ಬರೂ ಜಾಸ್ತಿ ಮಾತಾಡಲಿಲ್ಲ. ಆಳ ಕಡಿಮೆ, ನೀರ ಮೇಲೆ ಹಸಿರು ಪಾಚಿ ಎಲೆ ಇರುತ್ತದೆ, ಎಂಜಿನ್ನಿಗೆ ನೀರು ಸೋಸುವ ಜಾಲರಿಯನ್ನು ಸಂಜೆ ತೊಳೆಯಲೇಬೇಕು. ಬಿರುಗಾಳಿಯಾದ ಮೇಲೆ, ರಿಪೇರಿ ಇದ್ದಾಗ ಈ ಕಾಲುವೆ ಮುಚ್ಚಿರುತ್ತದೆ, ಹೊರಡುವ ಮುಂಚೆ ವಿಚಾರಿಸಿ. ಆ ಕಡೆ ಹೊರಬಂದರೆ ಎಲಿಜಬೆತ್ ಸಿಟಿ. ದೋಣಿಯವರಿಗೆ ಗುಲಾಬಿ ಹೂ ಕೊಟ್ಟು ಸ್ವಾಗತಿಸುವ ಪದ್ಧತಿಯಿಂದ ಹೆಸರಾದ ಊರು.

ಲಾಕ್ ಅಂದರೆ ಎರಡು ಬಾಗಿಲ ನಡುವಿನ ನೀರಿನ ಕೋಣೆ. ಒಳಗೆ ಹೋಗಿ ಹಗ್ಗ ಹಿಡಿದು ನಿಂತರೆ ನೀರು ಏರುತ್ತದೆ ಅಥವಾ ಇಳಿಯುತ್ತದೆ. ಹಗ್ಗವನ್ನು ಗೂಟಕ್ಕೆ ಬಿಗಿದು ಗಂಟು ಹಾಕಬೇಡಿ. ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದು, ನೀರು ಇಳಿದಂತೆ ಬಿಡುತ್ತಾ ಬನ್ನಿ.

ತೆರೆಯುವ ಸೇತುವೆಗಳಿಗೆ ರೇಡಿಯೋದಲ್ಲಿ ಕರೆಯಬೇಕು. ವರ್ಜೀನಿಯಾ, ನಾರ್ತ್ ಕ್ಯಾರೊಲೈನಾದಲ್ಲಿ ಚಾನೆಲ್ 13. ಸೌತ್ ಕ್ಯಾರೊಲೈನಾ, ಜಾರ್ಜಿಯಾ, ಫ್ಲೋರಿಡಾದಲ್ಲಿ ಚಾನೆಲ್ 9. ಜೊತೆಗೆ ಚಾನೆಲ್ 16 ಯಾವಾಗಲೂ ಕಿವಿಗೆ ಬೀಳುತ್ತಿರಲಿ. ಸೇತುವೆಯ ಹೆಸರು ಎರಡು ಸಲ, ನಿಮ್ಮ ದೋಣಿಯ ಹೆಸರು, ದಕ್ಷಿಣಕ್ಕೆ ಹೊರಟ ಹಾಯಿದೋಣಿ, ಮುಂದಿನ ಸಲ ತೆರೆದಾಗ ದಾಟುತ್ತೇವೆ, ಇಷ್ಟು ಸಾಕು. ದಾಟಿದ ಮೇಲೆ ಧನ್ಯವಾದ ಹೇಳಿ. ರೇಡಿಯೋ ಹಿಡಿಯಲು ನನಗೆ ಮೊದಲು ಹೆದರಿಕೆ ಇತ್ತು, ನನ್ನ ಇಂಗ್ಲಿಷ್ ಉಚ್ಚಾರ ಅವರಿಗೆ ತಿಳಿಯುತ್ತದೋ ಇಲ್ಲವೋ ಅಂತ. ನಿಧಾನಕ್ಕೆ, ಅದೇ ಕ್ರಮದಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಈಗ ಸೇತುವೆ ಕರೆಯುವುದು ನಾನೇ. ಹಲವು ಸೇತುವೆ ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ಮಾತ್ರ ತೆರೆಯುತ್ತವೆ. ಬೇಗ ಹೋಗಿ ಸೆಳೆತದಲ್ಲಿ ಸುತ್ತು ಹಾಕುತ್ತಾ ಕಾಯುವುದಕ್ಕಿಂತ, ಎರಡು ಮೈಲಿ ಹಿಂದೆಯೇ ವೇಗ ಕಮ್ಮಿ ಮಾಡಿ ಸರಿಯಾದ ಹೊತ್ತಿಗೆ ತಲುಪುವುದು ಒಳ್ಳೆಯದು.

ಇನ್ನೊಂದು ಮರ್ಯಾದೆಯ ಮಾತು. ಹಿಂದಿನಿಂದ ವೇಗದ ಮೋಟಾರ್ ದೋಣಿ ಬಂದು ರೇಡಿಯೋದಲ್ಲಿ ದಾರಿ ಕೇಳಿದರೆ, ನೀವು ಎಂಜಿನ್ ವೇಗ ಪೂರ್ತಿ ಇಳಿಸಿಬಿಡಿ. ನೀವು ಎಷ್ಟು ನಿಧಾನವೋ ಅವರೂ ಅಷ್ಟೇ ನಿಧಾನಕ್ಕೆ ದಾಟಬಹುದು, ಅಲೆ ಏಳುವುದಿಲ್ಲ. ನೀವು ಆರು ಮೈಲಿ ವೇಗದಲ್ಲೇ ಹೋಗುತ್ತಿದ್ದರೆ ಅವರು ಹತ್ತರಲ್ಲಿ ದಾಟಬೇಕು, ನಿಮ್ಮ ಚಹಾ ಲೋಟ ನೆಲದ ಮೇಲಿರುತ್ತದೆ.

ಅಗಲ ನೀರು, ಗುಂಡು ಹಾರುವ ಜಾಗ, ಬಂಡೆ

ನಾರ್ತ್ ಕ್ಯಾರೊಲೈನಾದ ಆಲ್ಬೆಮಾರ್ಲ್ ಸೌಂಡ್ ಅನ್ನುವ ಅಗಲ ಹಿನ್ನೀರು ನೋಡಲು ಸಮುದ್ರದ ಹಾಗೆ, ಆಳ ಮಾತ್ರ ಇಪ್ಪತ್ತು ಅಡಿಯ ಒಳಗೆ. ಆಳ ಕಡಿಮೆ ಇದ್ದಾಗ ಗಾಳಿಗೆ ಅಲೆಗಳು ಗಿಡ್ಡವಾಗಿ, ಒತ್ತೊತ್ತಾಗಿ, ಗೋಡೆಯ ಹಾಗೆ ಏಳುತ್ತವೆ. ನಮ್ಮ ನಿಯಮ: 20 ನಾಟ್ (ಗಂಟೆಗೆ ಸುಮಾರು 23 ಮೈಲಿ) ಗಾಳಿ ಅಂತ ಮುನ್ಸೂಚನೆ ಇದ್ದರೆ ದಾಟುವುದಿಲ್ಲ. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ದಾಟುವುದಿಲ್ಲ, ಕಾರಣ ಕೇಳುವುದಿಲ್ಲ. ಇಲ್ಲಿ ನೀರಿನ ಮಟ್ಟ ಏರಿಳಿಯುವುದು ಚಂದ್ರನಿಂದಲ್ಲ, ಗಾಳಿಯಿಂದ. ಎರಡು ದಿನ ಒಂದೇ ಕಡೆ ಬೀಸಿದರೆ ನೀರು ಒಂದು ದಡಕ್ಕೆ ಸರಿದು ನಿಲ್ಲುತ್ತದೆ. ಆಗ 65 ಅಡಿಯ ಸೇತುವೆ 63 ಆಗಿಬಿಡಬಹುದು. ಸೇತುವೆಯ ಬುಡದಲ್ಲಿ ಅಂದಿನ ಎತ್ತರ ತೋರಿಸುವ ಹಲಗೆ ಇರುತ್ತದೆ, ಓದಿ.

ಮುಂದೆ ಬೋಫರ್ಟ್ ಬರುತ್ತದೆ. ಸೌತ್ ಕ್ಯಾರೊಲೈನಾದಲ್ಲಿ ಇನ್ನೊಂದು ಊರಿದೆ, ಇಂಗ್ಲಿಷ್‌ನಲ್ಲಿ ಅಕ್ಷರ ಅವೇ, ಹೇಳುವುದು ಮಾತ್ರ ಬ್ಯೂಫರ್ಟ್. ಕನ್ನಡದಲ್ಲಿ ಬರೆದರೆ ಗೊಂದಲವೇ ಇಲ್ಲ, ಅಲ್ವಾ? ರೇಡಿಯೋದಲ್ಲಿ ತಪ್ಪು ಹೇಳಿದರೆ ಮರೀನಾದಲ್ಲಿ, ಅಂದರೆ ದುಡ್ಡು ಕೊಟ್ಟು ದೋಣಿ ನಿಲ್ಲಿಸುವ ದಕ್ಕೆಯಲ್ಲಿ, ಜಾಗ ಕಾದಿರಿಸುವಾಗ ತೊಂದರೆ. ಬೋಫರ್ಟ್ ದಾಟಿದ ಮೇಲೆ ಕ್ಯಾಂಪ್ ಲೆಜೂನ್ ಸೈನಿಕ ನೆಲೆ. ಅವರು ಗುಂಡು ಹಾರಿಸುವ ಅಭ್ಯಾಸ ಮಾಡುವಾಗ ದಾರಿ ಮುಚ್ಚುತ್ತಾರೆ, ಕಾಯಬೇಕು. ಮರ್ಟಲ್ ಬೀಚ್ ಹತ್ತಿರ ಕಾಲುವೆಯನ್ನು ಬಂಡೆ ಕೊರೆದು ಮಾಡಿದ್ದಾರೆ. ನೀರು ಇಳಿದಾಗ ಎರಡು ಅಂಚಲ್ಲೂ ಕಲ್ಲಿನ ಹಲ್ಲು ಕಾಣುತ್ತದೆ, ಏರಿದಾಗ ಕಾಣುವುದಿಲ್ಲ. ಒಳಹೋಗುವ ಮುಂಚೆ ಎದುರಿಂದ ಬಾರ್ಜ್ ಬರುತ್ತಿದೆಯಾ ಅಂತ ರೇಡಿಯೋದಲ್ಲಿ ಕೇಳಿಕೊಳ್ಳಿ. ಅದು ಮುಗಿದರೆ ವಕಾಮಾ ನದಿ, ನೀರಿನಲ್ಲೇ ನಿಂತ ಸೈಪ್ರೆಸ್ ಮರಗಳು. ಈ ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದ 25 ಮೈಲಿ ಅದು. ಅಲ್ಲಿ ಒಂದು ರಾತ್ರಿಯಾದರೂ ಲಂಗರು ಹಾಕಿ.

ಲಂಗರು ಹಾಕುವ ಲೆಕ್ಕ

ಮರೀನಾದಲ್ಲಿ ದೋಣಿಯ ಉದ್ದದ ಪ್ರತಿ ಅಡಿಗೆ ಇಷ್ಟು ಅಂತ ರಾತ್ರಿಯ ಬಾಡಿಗೆ. ಲಂಗರು ಹಾಕಿದರೆ ದುಡ್ಡಿಲ್ಲ. ಇಡೀ ಪ್ರಯಾಣದ ಖರ್ಚು ನಿಲ್ಲುವುದು ಇದರ ಮೇಲೆ. ನಾವು ವಾರಕ್ಕೊಮ್ಮೆ ಮರೀನಾಗೆ ಹೋಗಿ ನೀರು, ಡೀಸೆಲ್ ತುಂಬಿಸಿ, ಬಟ್ಟೆ ಒಗೆದು, ಶೌಚದ ಟ್ಯಾಂಕ್ ಖಾಲಿ ಮಾಡಿಸಿ ಬರುತ್ತಿದ್ದೆವು. ಅದನ್ನು ದಡದಿಂದ ಮೂರು ಮೈಲಿಯೊಳಗಿನ ನೀರಿಗೆ ಬಿಡುವುದು ಅಪರಾಧ. ಉಳಿದ ರಾತ್ರಿ ಎಲ್ಲ ಲಂಗರು.

ಜಾರ್ಜಿಯಾಕ್ಕೆ ಬರುವ ಹೊತ್ತಿಗೆ ಉಬ್ಬರ ಇಳಿತದ ಅಂತರ ಏಳೆಂಟು ಅಡಿ. ಅಲ್ಲಿ ಕರಾವಳಿ ಒಳಕ್ಕೆ ಬಾಗಿದೆ, ಏರುವ ನೀರು ಆ ಬಾಗಿಗೆ ಒತ್ತಿ ಬರುತ್ತದೆ. ಗಂಗೊಳ್ಳಿಯಲ್ಲಿ ಹುಟ್ಟಿದ ನನಗೂ ಅಷ್ಟು ನೀರು ಏರುವುದು ಹೊಸದು. ಲೆಕ್ಕ ಹೀಗೆ ಮಾಡಿ. ನೀವು ಬಂದಾಗ ಪೂರ್ತಿ ಇಳಿತ, ಆಳ 10 ಅಡಿ ತೋರಿಸುತ್ತಿದೆ. ರಾತ್ರಿ 8 ಅಡಿ ಏರುತ್ತದೆ, ಅಲ್ಲಿಗೆ 18. ನೀರಿನಿಂದ ದೋಣಿಯ ಮೂತಿಯ ಎತ್ತರ 4 ಅಡಿ, ಒಟ್ಟು 22. ಐದು ಪಟ್ಟು ಸರಪಳಿ ಬಿಡಬೇಕು, 110 ಅಡಿ. ಕಣ್ಣಿಗೆ ಕಂಡ 10ಕ್ಕೆ 4 ಕೂಡಿಸಿ 70 ಅಡಿ ಬಿಟ್ಟು ಮಲಗಿದರೆ ನಡುರಾತ್ರಿ ಉಬ್ಬರಕ್ಕೆ ಅದು ಮೂರು ಪಟ್ಟು ಮಾತ್ರ. ಸರಪಳಿ ಮೇಲಕ್ಕೆ ಎಳೆಯುತ್ತದೆ, ಲಂಗರು ಕೀಳುತ್ತದೆ. ಇದರ ಉಲ್ಟಾ ಲೆಕ್ಕವೂ ಅಷ್ಟೇ ಮುಖ್ಯ. ಉಬ್ಬರದಲ್ಲಿ ಬಂದು 12 ಅಡಿ ಸಾಕು ಅಂತ ನಿಂತರೆ ಬೆಳಗ್ಗೆ 4 ಅಡಿ, ನಾಲ್ಕೂವರೆ ಅಡಿಯ ಚುಕ್ಕಿ ಕೆಸರಲ್ಲಿ.

ಕೂಗಾಡುವುದನ್ನು ಬಿಡಲು ಕೈಸನ್ನೆ ಗೊತ್ತು ಮಾಡಿಕೊಳ್ಳಿ. ಮುಂದೆ ನಿಂತವರು ಬಲಗೈ ಮುಂದೆ ಚಾಚಿದರೆ ಮುಂದಕ್ಕೆ, ಹೆಗಲ ಹಿಂದೆ ತೋರಿಸಿದರೆ ಹಿಂದಕ್ಕೆ, ಮುಷ್ಟಿ ಹಿಡಿದರೆ ನ್ಯೂಟ್ರಲ್, ಅಂಗೈ ನೆಲಕ್ಕೆ ಮಾಡಿ ಒತ್ತಿದರೆ ವೇಗ ಕಮ್ಮಿ. ಎಂಜಿನ್ ಸದ್ದಿನಲ್ಲಿ "ರೀ, ಸಾಕಾ?" ಅಂದದ್ದು ಅವರಿಗೆ "ಹಾಕಾ?" ಅಂತ ಕೇಳಿ, ನಮ್ಮ ಮೊದಲ ಲಂಗರು ಬೇರೆ ದೋಣಿಯ ತೀರಾ ಹತ್ತಿರ ಬಿದ್ದಿತ್ತು. ಆ ರಾತ್ರಿ ಇಬ್ಬರೂ ನಿದ್ದೆ ಮಾಡಲಿಲ್ಲ. ಮರುದಿನ ಕೂತು ಸನ್ನೆಗಳನ್ನು ಬರೆದುಕೊಂಡೆವು. ವಾರಕ್ಕೊಮ್ಮೆ ಜಾಗ ಬದಲಿಸಿ. ಲಂಗರಿನ ಹತ್ತಿರ ನಿಂತು ನೋಡಿದವರಿಗೇ ಚುಕ್ಕಾಣಿಯ ಕಷ್ಟ ತಿಳಿಯುವುದು.

ಹೂಳಲ್ಲಿ ಸಿಕ್ಕಿಕೊಂಡರೆ

ಸಿಕ್ಕಿಕೊಳ್ಳುತ್ತೀರಿ, ಅದಕ್ಕೆ ತಯಾರಾಗಿರಿ. ನಮಗೆ ಆದದ್ದು ಜಾರ್ಜಿಯಾದ ಲಿಟಲ್ ಮಡ್ ರಿವರ್‌ನಲ್ಲಿ. ಅಲ್ಲಿ ಅರ್ಧ ಉಬ್ಬರದ ಮೇಲೆ, ನೀರು ಏರುತ್ತಿರುವಾಗಲೇ ಹೋಗಬೇಕು. ಜೆಕಿಲ್ ಕ್ರೀಕ್, ಹೆಲ್ ಗೇಟ್ ಎಂಬ ಜಾಗಗಳಿಗೂ ಇದೇ ಮಾತು. ಆ ದಿನ ನಾವು ಬೆಳಗ್ಗೆ ಮಂಜಿಗೆ ಕಾದು ತಡವಾಗಿ ಹೊರಟಿದ್ದೆವು. ಇಳಿತ ಶುರುವಾಗಿತ್ತು. "ಬೇಗ ದಾಟಿಬಿಡೋಣ" ಅಂದುಕೊಂಡೆವು. ಆಳದ ಯಂತ್ರ 7 ತೋರಿಸಿತು, 6, 5.2, ಮತ್ತೆ ಬೆಣ್ಣೆಯಲ್ಲಿ ಚಮಚ ಇಳಿದ ಹಾಗೆ ದೋಣಿ ನಿಂತಿತು. ಸದ್ದೇ ಇಲ್ಲ.

ತಕ್ಷಣ ನ್ಯೂಟ್ರಲ್‌ಗೆ ಹಾಕಿ. ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ಪ್ರಯತ್ನಿಸಿ, ಅರ್ಧ ನಿಮಿಷ ಸಾಕು. ಜಾಸ್ತಿ ಎಂಜಿನ್ ಕೊಟ್ಟರೆ ಕೆಸರನ್ನು ಎಂಜಿನ್ನಿಗೆ ಕುಡಿಸಿದಂತೆ. ಬಿಡಲಿಲ್ಲ ಅಂದರೆ ನೀರು ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ. ಏರುತ್ತಿದ್ದರೆ ಕಾಯಿರಿ, ತಾನಾಗಿ ಎತ್ತುತ್ತದೆ. ಇಳಿಯುತ್ತಿದ್ದರೆ ರಬ್ಬರ್ ದೋಣಿಯಲ್ಲಿ ಲಂಗರನ್ನು ಆಳದ ಕಡೆಗೆ ಒಯ್ದು ಹಾಕಿ, ನೀರು ಬಂದಾಗ ದೋಣಿ ಇನ್ನೂ ಮೇಲಕ್ಕೆ ಸರಿಯದಂತೆ. ಕಪಾಟುಗಳನ್ನು ಕಟ್ಟಿ, ಒಲೆ ಆರಿಸಿ. ಎಳೆದೊಯ್ಯುವ ಸೇವೆಯವರಿಗೆ ಫೋನ್ ಮಾಡಿ ಎಲ್ಲಿದ್ದೇವೆ ಅಂತ ತಿಳಿಸಿಡಿ.

ಕಾಯುವ ಹೊತ್ತನ್ನೂ ಲೆಕ್ಕ ಹಾಕಬಹುದು. ಆರು ಗಂಟೆಯ ಇಳಿತದಲ್ಲಿ ನೀರು ಸಮನಾಗಿ ಇಳಿಯುವುದಿಲ್ಲ. ಒಟ್ಟನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಪಾಲು. ನಾವು ನಿಂತಾಗ ಎರಡು ಗಂಟೆ ಬಾಕಿ ಇತ್ತು, ಅಂದರೆ ಮೂರು ಪಾಲು, ಎಂಟಡಿಯಲ್ಲಿ ಎರಡಡಿ. ಎರಡು ಗಂಟೆ ಇಳಿಯಲು, ಎರಡು ಗಂಟೆ ಏರಲು, ಒಟ್ಟು ನಾಲ್ಕು. ದೋಣಿ ಬಲಕ್ಕೆ ವಾಲಿ ನಿಂತಿತು. ಸುತ್ತ ಹೊಂಬಣ್ಣದ ಜೌಗು ಹುಲ್ಲು, ಕೆಸರಿನ ದಂಡೆಯ ಮೇಲೆ ಸಿಂಪಿ ಚಿಪ್ಪು, ಕಾಲೆತ್ತಿ ನಿಂತ ಕೊಕ್ಕರೆ. ಒಲೆ ಹಚ್ಚುವಂತಿರಲಿಲ್ಲ. ಅವಲಕ್ಕಿ ನೆನೆಸಿ, ಉಪ್ಪಿನಕಾಯಿ ಎಣ್ಣೆ ಕಲಸಿ, ನೆಲಗಡಲೆ ಹಾಕಿ ಇಬ್ಬರೂ ಓರೆಯಾಗಿ ಕೂತು ತಿಂದೆವು. ಮಧ್ಯಾಹ್ನ ಮೂರಕ್ಕೆ ದೋಣಿ ಸಣ್ಣಗೆ ಅಲುಗಿತು. ಮೂರೂ ಕಾಲಿಗೆ ತೇಲಿತು.

ಅಡುಗೆ

ಪ್ರೆಶರ್ ಕುಕ್ಕರ್ ದೋಣಿಗೆಂದೇ ಮಾಡಿದ ಪಾತ್ರೆ. ಮುಚ್ಚಳ ಬಿಗಿ, ವಾಲಿದರೂ ಚೆಲ್ಲುವುದಿಲ್ಲ, ಗ್ಯಾಸ್ ಕಮ್ಮಿ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಅವಲಕ್ಕಿ, ಬೇಳೆ, ಅಕ್ಕಿ ಇವನ್ನು ಎರಡು ತಿಂಗಳಿಗಾಗುವಷ್ಟು ಮನೆಯಿಂದಲೇ ತುಂಬಿಸಿ. ಕ್ಯಾರೊಲೈನಾದ ಸಣ್ಣ ಊರುಗಳಲ್ಲಿ ತೊಗರಿಬೇಳೆ ಸಿಗುವುದಿಲ್ಲ. ಡಬ್ಬಿಗಳಿಗೆ ತೇವ ಹೋಗದಂತೆ ರಬ್ಬರ್ ಮುಚ್ಚಳ ಇರಲಿ. ಅಕ್ಟೋಬರ್ ಚಳಿಗೆ ದೋಸೆ ಹಿಟ್ಟು ಹುಳಿ ಬರುವುದಿಲ್ಲ ಅಂತ ಮೊದಲ ವಾರ ಬೇಜಾರಾಗಿತ್ತು. ಸಂಜೆ ಎಂಜಿನ್ ಆರಿಸಿದ ಮೇಲೆ ಎಂಜಿನ್ ಪೆಟ್ಟಿಗೆಯ ಮರದ ಮುಚ್ಚಳ ರಾತ್ರಿಯೆಲ್ಲ ಬೆಚ್ಚಗಿರುತ್ತದೆ. ಅದರ ಮೇಲೆ ಟವೆಲ್ ಸುತ್ತಿ ಹಿಟ್ಟಿನ ಪಾತ್ರೆ ಇಟ್ಟರೆ ಬೆಳಗ್ಗೆ ಹಿಟ್ಟು ಉಬ್ಬಿರುತ್ತದೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ.

ಫ್ಲೋರಿಡಾ ಬಂದ ಮೇಲೆ

ಗಡಿಗೆ ಮುಂಚೆ ಜಾರ್ಜಿಯಾದ ಕಂಬರ್ಲೆಂಡ್ ದ್ವೀಪದಲ್ಲಿ ಎರಡು ದಿನ ಇರಿ. ಕಾಡು ಕುದುರೆಗಳು ಮರಳಿನ ಮೇಲೆ ಓಡಾಡುತ್ತವೆ. 1959ರಲ್ಲಿ ಸುಟ್ಟುಹೋದ ಡಂಜನೆಸ್ ಬಂಗಲೆಯ ಬರಿಯ ಗೋಡೆಗಳು ನಿಂತಿವೆ. ಸಂಜೆ ಕಣ್ಣಿಗೆ ಕಾಣದ ನುಸಿ ಕಚ್ಚುತ್ತದೆ, ಸಣ್ಣ ಕಣ್ಣಿನ ಪರದೆ ಬೇಕು. ಮುಂದೆ ಸೇಂಟ್ ಆಗಸ್ಟೀನ್, 1565ರಲ್ಲಿ ಸ್ಪ್ಯಾನಿಷರು ಕಟ್ಟಿದ ಊರು. ಕೋಟೆಯ ಗೋಡೆ ಚಿಪ್ಪು ಕಲ್ಲಿನದು, ಹತ್ತಿರ ಹೋದರೆ ಒಂದೊಂದು ಚಿಪ್ಪೂ ಬೇರೆ ಬೇರೆ ಕಾಣುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಕಡಲಹಸುಗಳ (ಮ್ಯಾನಟೀ) ಸೀಮೆ. ನಿಧಾನ ಅಂತ ಫಲಕ ಇದ್ದಲ್ಲಿ ನಿಧಾನವಾಗಿಯೇ ಹೋಗಿ, ಅವುಗಳ ಬೆನ್ನ ಮೇಲೆ ಪ್ರೊಪೆಲ್ಲರ್ ಗಾಯದ ಗೆರೆಗಳನ್ನು ನಾನು ನೋಡಿದ್ದೇನೆ. ಟೈಟಸ್‌ವಿಲ್‌ನಲ್ಲಿ ರಾಕೆಟ್ ಹಾರುವ ದಿನ ಸಿಕ್ಕರೆ ಒಂದು ದಿನ ಕಾದರೂ ನಷ್ಟವಿಲ್ಲ. ನಡುನಡುವೆ ಏಡಿ ಹಿಡಿಯುವ ಬುಟ್ಟಿಗಳ ಬೋಯಾ ಸಾಲಾಗಿ ಇರುತ್ತವೆ, ಅವುಗಳ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ನೀರಿಗಿಳಿದು ಚಾಕುವಿನಲ್ಲಿ ಕತ್ತರಿಸಬೇಕು. ಮುಂದೆ ನಿಂತ ಕಣ್ಣು ಅಲ್ಲಿ ಅತ್ತಿತ್ತ ಹೋಗಬಾರದು.

ವೀರೋ ಬೀಚ್‌ನಲ್ಲಿ ದೋಣಿ ಕಟ್ಟಲೆಂದೇ ಇರುವ ಒಂದೇ ಮೂರಿಂಗ್ ಬೋಯಾಕ್ಕೆ ಎರಡು ಮೂರು ದೋಣಿ ಮಗ್ಗುಲಲ್ಲಿ ಕಟ್ಟಿಸುತ್ತಾರೆ. ಪಕ್ಕದ ದೋಣಿಯವರು ನಿಮ್ಮ ಹಗ್ಗ ಹಿಡಿದುಕೊಳ್ಳುತ್ತಾರೆ, ಸಂಜೆಗೆ ಹಪ್ಪಳ ತಿನ್ನಲು ಬರುತ್ತಾರೆ. ನಮಗೆ ಹೆಚ್ಚಿನ ಸ್ನೇಹಿತರು ಸಿಕ್ಕಿದ್ದು ಅಲ್ಲೇ. ಅಲ್ಲಿಂದ ಮಯಾಮಿಯವರೆಗೆ ಸೇತುವೆಗಳು ಜಾಸ್ತಿ, ಶನಿವಾರ ಭಾನುವಾರ ದೋಣಿ ಸಂತೆ. ಆ ಎರಡು ದಿನ ನಿಂತುಬಿಡಿ.

ಅಲ್ಲಿಗೂ ಸಾಲದೆ ಬಹಾಮಾಸ್‌ಗೆ ದಾಟುವ ಆಸೆ ಬಂದರೆ, ಮಯಾಮಿಯಿಂದ ಅಲ್ಲಿನ ಬಿಮಿನಿ ದ್ವೀಪಕ್ಕೆ ಸುಮಾರು 50 ಮೈಲಿ. ನಡುವೆ ಗಲ್ಫ್ ಸ್ಟ್ರೀಮ್ ಅನ್ನುವ ಕಡಲ ಹರಿವು ಉತ್ತರಕ್ಕೆ ಎರಡರಿಂದ ನಾಲ್ಕು ನಾಟ್ ವೇಗದಲ್ಲಿ ಹರಿಯುತ್ತದೆ. ಗಾಳಿಯಲ್ಲಿ ಉತ್ತರದ ಅಂಶ ಚೂರೇ ಇದ್ದರೂ ಹೊರಡಬೇಡಿ. ಹರಿವಿಗೆ ಎದುರು ಗಾಳಿ ಬಿದ್ದರೆ ಅಲೆಗಳು ನಿಂತ ಗೋಡೆಯಾಗುತ್ತವೆ. ನಾವು ಮೊದಲ ವರ್ಷ ಹನ್ನೊಂದು ದಿನ ಕಾದು, ಗಾಳಿ ತಿರುಗದೆ, ದಾಟಲೇ ಇಲ್ಲ. ಕಾಂಡ್ಲಾ ಗಿಡಗಳ ಮಗ್ಗುಲ ದಾರಿ ಹಿಡಿದು ಕೀಸ್ ದ್ವೀಪಗಳ ಮ್ಯಾರಥಾನ್ ಊರಿಗೆ ಹೋಗಿ ಚಳಿಗಾಲ ಕಳೆದೆವು.

ವಾಪಸು ಹೊರಡಲು ಏಪ್ರಿಲ್ ಮೊದಲ ವಾರ ಇಟ್ಟುಕೊಳ್ಳಿ. ಜೂನ್ 1ರ ಒಳಗೆ ವಿಮೆಯವರು ಹೇಳಿದ ಗೆರೆಯ ಉತ್ತರಕ್ಕೆ ಸೇರಬೇಕು. ಬರುವಾಗ ಕೆಂಪು ಎಡಕ್ಕೆ, ಹಳದಿ ತ್ರಿಕೋನವೂ ಎಡಕ್ಕೆ. ಮೊದಲ ದಿನ ಕೈ ತಪ್ಪುತ್ತದೆ, ಅದಕ್ಕೆ ಚುಕ್ಕಾಣಿಯ ಪಕ್ಕ ಒಂದು ಚೀಟಿ ಅಂಟಿಸಿ.